ಮೋರಿಯ ಬದಿಯ ಅಕ್ಕಂದಿರಿಗೆ ನಿವೃತ್ತಿ ಯಾವಾಗ?

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಕಾರ್ಮಿಕ ಬಂಧುಗಳೇ, ಹಿಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕಂದಿರೇ, ಅಮ್ಮಂದಿರೇ,

ನಮಗೆ ಭಾಷಣ ಮಾಡಿ ರೂಢಿಯಿಲ್ಲ. ಊರಿನಲ್ಲಿ ಏಳನೆಯ ತರಗತಿ ಮುಗಿಸಿ, ಮತ್ಸ್ಯಗಂಧ ರೈಲು ಹತ್ತಿ ಈ ಮುಂಬಯಿಗೆ ಬಂದವರು ನಾವು. ಮೊದಲು ಟೇಬಲು ಒರೆಸಿದೆವು, ಆಮೇಲೆ ಸಪ್ಲಾಯರ್ ಆದೆವು, ಈಗ ಸಂಘದ ಚೀಲ ಹೆಗಲಿಗೆ ಹಾಕಿಕೊಂಡು ಹೋಟೇಲಿನಿಂದ ಹೋಟೇಲಿಗೆ ತಿರುಗುತ್ತಿದ್ದೇವೆ. ಮಾತಿನಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಹಿಂದಿನ ಸಾಲು ಎಂದೆವಲ್ಲ. ಸಭೆ ಶುರುವಾಗುವಾಗ ಮುಂದಿನ ಹತ್ತು ಕುರ್ಚಿಗಳು ಖಾಲಿ ಇದ್ದುವು. ಬನ್ನಿ ಎಂದು ಕರೆದೆವು. "ಬೇಡ ತಮ್ಮಾ, ಇಲ್ಲೇ ಸಾಕು, ನೀರು ಬರುವ ಹೊತ್ತಿಗೆ ಎದ್ದು ಹೋಗಬೇಕು" ಎಂದು ಒಬ್ಬರು ಹೇಳಿದರು. ಅವರ ಗಂಡ, ನಿವೃತ್ತರು, ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ನೀರಿನ ಚಿಂತೆಯಿಲ್ಲ. ನಗಬೇಡಿ, ನಮ್ಮ ಖೋಲಿಗಳಲ್ಲೂ ಹಾಗೆಯೇ.

ಇಂದು ನಾವು ಒಬ್ಬರು ಅಕ್ಕನ ಲೆಕ್ಕವನ್ನು ನಿಮ್ಮ ಮುಂದೆ ಇಡುತ್ತೇವೆ. ಹೆಸರು ಬೇಡ, ಹೋಟೇಲಿನ ಹೆಸರೂ ಬೇಡ. ನಮ್ಮಲ್ಲಿ ಕೆಲವರು ಅವರು ತೊಳೆದ ತಟ್ಟೆಯಲ್ಲಿ ಉಂಡವರು. 2001ರಲ್ಲಿ ಅವರು ಆ ಹೋಟೇಲಿನ ಅಡಿಗೆಮನೆಗೆ ಬಂದರು. ಗಂಡ ತೀರಿಹೋಗಿದ್ದ, ಎರಡು ಮಕ್ಕಳು. ಬೆಳಿಗ್ಗೆ ಆರಕ್ಕೆ ಬಂದು ತೆಂಗಿನಕಾಯಿ ತುರಿಯುವುದು, ಈರುಳ್ಳಿ ಹೆಚ್ಚುವುದು, ಚಪಾತಿ ಲಟ್ಟಿಸುವುದು, ಮಧ್ಯಾಹ್ನದ ಮೇಲೆ ಮೋರಿಯ ಬದಿಯಲ್ಲಿ ನಿಂತು ಪಾತ್ರೆ ತೊಳೆಯುವುದು. ಇಪ್ಪತ್ತೆರಡು ವರ್ಷ. 2023ರಲ್ಲಿ ಒಂದು ದಿನ ಧಣಿಗಳು ಕರೆದು, "ಅಕ್ಕಾ, ನಿಮಗೂ ವಯಸ್ಸಾಯಿತು, ಮಂಡಿ ನೋವು ಅಂತೀರಿ, ಇನ್ನು ಮನೆಯಲ್ಲಿ ಮೊಮ್ಮಕ್ಕಳನ್ನು ನೋಡಿಕೊಂಡು ಆರಾಮಾಗಿರಿ" ಎಂದರು. ಮಾತು ಬಹಳ ಮರ್ಯಾದೆಯದೇ. ಒಂದು ಸೀರೆ, ಐದು ಸಾವಿರ ರೂಪಾಯಿ ಕೈಗೆ ಕೊಟ್ಟರು. ಅಕ್ಕ ನಮಸ್ಕಾರ ಮಾಡಿ ಬಂದರು.

ಅದೇ ಹೋಟೇಲಿನಲ್ಲಿ ಒಬ್ಬ ಭಟ್ಟರಿದ್ದಾರೆ. ಅರವತ್ತನಾಲ್ಕು ದಾಟಿತು, ಅವರಿಗೂ ಮಂಡಿ ನೋವು. ಅವರನ್ನು ಒಲೆಯ ಹತ್ತಿರದಿಂದ ತೆಗೆದು ಸಾಮಾನಿನ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದ್ದಾರೆ. ರವೆ ಎಷ್ಟು, ಉದ್ದು ಎಷ್ಟು ಎಂದು ನೋಡಲು. ಒಳ್ಳೆಯದಾಯಿತು, ಭಟ್ಟರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಉದ್ದು ಎಷ್ಟು ನೆನೆ ಹಾಕಬೇಕೆಂಬುದು ಅಕ್ಕನಿಗೆ ಗೊತ್ತಿರಲಿಲ್ಲವೇ? ಗಂಡಸಿಗೆ ವಯಸ್ಸಾದರೆ ಅನುಭವ ಎನ್ನುತ್ತೇವೆ, ಹೆಂಗಸಿಗೆ ಆದರೆ ಮೊಮ್ಮಕ್ಕಳು ಎನ್ನುತ್ತೇವೆ.

ಈಗ ಲೆಕ್ಕ. ಅಕ್ಕನ ಕೊನೆಯ ಪಗಾರ ತಿಂಗಳಿಗೆ 13,000 ರೂಪಾಯಿ. 1972ರ ಗ್ರ್ಯಾಚುಯಿಟಿ ಕಾನೂನಿನ ಪ್ರಕಾರ ಪಗಾರವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಬೇಕು. ಅದು ಒಂದು ವರ್ಷದ ಸೇವೆಗೆ. 13,000ವನ್ನು 26ರಿಂದ ಭಾಗಿಸಿದರೆ 500, ಹದಿನೈದು ದಿನಕ್ಕೆ 7,500. ಇಪ್ಪತ್ತೆರಡು ವರ್ಷಕ್ಕೆ 1,65,000. ಹತ್ತು ಜನ ಇರುವ ಹೋಟೇಲಿಗೂ ಈ ಕಾನೂನು ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಹದಿನೈದು ದಿನದ ಲೆಕ್ಕ ಹಾಗೆಯೇ ಉಳಿದಿದೆ. ಒಂದು ಸೀರೆ ಮತ್ತು ಐದು ಸಾವಿರ ಎಲ್ಲಿ, ಒಂದು ಲಕ್ಷದ ಅರವತ್ತೈದು ಸಾವಿರ ಎಲ್ಲಿ!

ಆದರೆ ಅಕ್ಕನ ಹೆಸರು ಹಾಜರಿ ಪುಸ್ತಕದಲ್ಲಿ ಏರಿದ್ದು 2016ರಲ್ಲಿ. ಅದಕ್ಕೆ ಮುಂಚಿನ ಹದಿನೈದು ವರ್ಷ ಕಾಗದದಲ್ಲಿ ಇಲ್ಲ. ಅದೇ ಕಾಲದ ಸಪ್ಲಾಯರ್‌ಗಳ ಹೆಸರು ಇತ್ತು, ಅಡಿಗೆಯವರದು ಇತ್ತು. ಮೋರಿಯ ಬದಿಯವರು "ಮೇಲಿನ ಕೆಲಸಕ್ಕೆ ಬರುವ ಹೆಂಗಸರು". ಪುಸ್ತಕ ಒಪ್ಪಿದರೆ ಏಳು ವರ್ಷಕ್ಕೆ 52,500 ಮಾತ್ರ.

ಇನ್ನು ಪಿಂಚಣಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ 58 ತುಂಬಿದಾಗ ಪಿಂಚಣಿ ಬರಬೇಕಾದರೆ ಹತ್ತು ವರ್ಷದ ಸೇವೆ ಬೇಕು. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ ಪಿಂಚಣಿಯನ್ನು ತಿಂಗಳಿಗೆ 1,000 ರೂಪಾಯಿ ಎಂದು ಗೊತ್ತುಪಡಿಸಿದರು. ಸಾವಿರ ರೂಪಾಯಿ ಈ ಊರಿನಲ್ಲಿ ಏನು ಎಂದು ನೀವು ಕೇಳಬಹುದು. ಗ್ಯಾಸಿಗೆ ಆಗುತ್ತದೆ, ಮಗನ ಮುಂದೆ ಕೈ ಚಾಚದೆ ಔಷಧಿ ತರಲು ಆಗುತ್ತದೆ. ಅಕ್ಕನಿಗೆ ಅದೂ ಇಲ್ಲ, ಏಕೆಂದರೆ ಫಂಡಿನ ಸೇವೆ ಏಳೇ ವರ್ಷ. ಇಪ್ಪತ್ತೆರಡು ವರ್ಷ ದುಡಿದವರಿಗೆ ಮೂರು ವರ್ಷ ಕಡಿಮೆ ಬಿತ್ತು ಎಂಬ ಲೆಕ್ಕ ಯಾವ ಶಾಲೆಯಲ್ಲಿ ಕಲಿಸುತ್ತಾರೋ ನಮಗೆ ತಿಳಿಯದು.

ಸರಕಾರದ ಬೇರೆ ಯೋಜನೆಗಳಿವೆಯಲ್ಲ ಎಂದು ವಿದ್ಯಾವಂತರೊಬ್ಬರು ನಮಗೆ ಹೇಳಿದರು. ನೋಡಿದೆವು. 2019ರ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್ ಯೋಜನೆಯಲ್ಲಿ ಅರವತ್ತರ ಮೇಲೆ ತಿಂಗಳಿಗೆ 3,000 ಇದೆ, ಆದರೆ ಸೇರುವ ವಯಸ್ಸು 18ರಿಂದ 40. ಅಕ್ಕ ಆಗಲೇ ಐವತ್ತು ದಾಟಿದ್ದರು. ಮಹಾರಾಷ್ಟ್ರದ ಶ್ರಾವಣಬಾಳ ಯೋಜನೆಗೆ 65 ತುಂಬಬೇಕು. ಐವತ್ತೆಂಟಕ್ಕೆ ಹೊರಗೆ ಕಳುಹಿಸಿದವರು ಅರವತ್ತೈದರ ತನಕ ಏನು ತಿನ್ನಬೇಕು?

ವಯಸ್ಸಿನ ಮಾತು ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಾವು ಕೂಡ ಇದನ್ನು ಈಚೆಗಷ್ಟೇ ಕಲಿತೆವು. ಅಕ್ಕನ ಆಧಾರ್ ಕಾರ್ಡಿನಲ್ಲಿ ಜನ್ಮ ತಾರೀಕು ಜನವರಿ 1. ಇಲ್ಲಿ ಕುಳಿತಿರುವ ಅಕ್ಕಂದಿರು ಮನೆಗೆ ಹೋಗಿ ತಮ್ಮ ಕಾರ್ಡು ನೋಡಿ, ಎಷ್ಟು ಜನ ಹೊಸವರ್ಷದ ದಿನ ಹುಟ್ಟಿದವರಿದ್ದೀರಿ ಎಂದು ತಿಳಿಯುತ್ತದೆ. ತಾರೀಕು ಗೊತ್ತಿಲ್ಲದೆ ಬರೇ ವಯಸ್ಸು ಹೇಳಿದವರಿಗೆ ಹಾಗೆ ಬರೆಯುತ್ತಾರೆ. ಗಂಡಸರು ನಾಲ್ಕು ಕ್ಲಾಸಾದರೂ ಶಾಲೆಗೆ ಹೋದವರು, ಶಾಲೆ ಬಿಟ್ಟ ಸರ್ಟಿಫಿಕೇಟಿನಲ್ಲಿ ಮಾಸ್ತರರು ಏನಾದರೊಂದು ತಾರೀಕು ಬರೆದಿರುತ್ತಾರೆ. ಅಕ್ಕನನ್ನು ಶಾಲೆಗೇ ಕಳುಹಿಸಲಿಲ್ಲ, ತಮ್ಮನನ್ನು ಎತ್ತಿಕೊಳ್ಳಲು ಮನೆಯಲ್ಲಿ ಇಟ್ಟರು. ದೊಡ್ಡ ನೆರೆ ಬಂದ ವರ್ಷ ಹುಟ್ಟಿದೆ ಎಂದು ತಾಯಿ ಹೇಳುತ್ತಿದ್ದರಂತೆ. ಯಾವ ನೆರೆ ಎಂದು ಕೇಳಲು ತಾಯಿ ಈಗ ಇಲ್ಲ. ಕಾರ್ಡು ಮಾಡಿಸುವಾಗ ಮೇಜಿನ ಹಿಂದಿದ್ದ ಹುಡುಗ ಅವರ ಬಿಳಿ ಕೂದಲು ನೋಡಿ ಒಂದು ವಯಸ್ಸು ಬರೆದ. ಅಕ್ಕನ ತಂಗಿಯ ಕಾರ್ಡು ನೋಡಿದೆವು: ಕಾಗದದಲ್ಲಿ ತಂಗಿಯೇ ಎರಡು ವರ್ಷ ದೊಡ್ಡವಳು!

ಇದು ನಗುವ ಸಂಗತಿಯಲ್ಲ. ಆ ಹುಡುಗನ ಅಂದಾಜು ಎರಡು ವರ್ಷ ಹೆಚ್ಚಾದರೆ ಕೆಲಸ ಎರಡು ವರ್ಷ ಮುಂಚೆ ಹೋಗುತ್ತದೆ. ಕಡಿಮೆಯಾದರೆ ಪಿಂಚಣಿ ಎರಡು ವರ್ಷ ತಡ. 2024ರ ಜನವರಿಯಲ್ಲಿ ಪ್ರಾವಿಡೆಂಟ್ ಫಂಡ್ ಕಚೇರಿಯವರು ಜನ್ಮ ತಾರೀಕಿನ ಪುರಾವೆಗಳ ಪಟ್ಟಿಯಿಂದ ಆಧಾರನ್ನೇ ತೆಗೆದುಹಾಕಿದರು. ಬೇರೆ ಯಾವ ಕಾಗದವೂ ಇಲ್ಲದವರು ಸಿವಿಲ್ ಸರ್ಜನ್ನರಿಂದ ವಯಸ್ಸಿನ ಸರ್ಟಿಫಿಕೇಟು ತರಬಹುದೆಂದು ಹೇಳಿದರು. ಅದಕ್ಕೆ ಎಷ್ಟು ದಿನದ ಕೂಲಿ ಬಿಡಬೇಕು ಎಂದು ಆ ಸುತ್ತೋಲೆಯಲ್ಲಿ ಬರೆದಿರಲಿಲ್ಲ.

ಹೆಂಗಸಿನ ವಯಸ್ಸನ್ನು ಬೇರೆಯವರು ಅಳೆಯುವುದು ಬಡವರ ಮನೆಯ ಸಂಗತಿ ಮಾತ್ರವೆಂದು ತಿಳಿಯಬೇಡಿ. ಇದೇ ಮುಂಬಯಿಯಿಂದ ಹಾರುತ್ತಿದ್ದ ಏರ್ ಇಂಡಿಯಾದ ಗಗನಸಖಿಯರಿಗೆ 35 ವರ್ಷಕ್ಕೆ ನಿವೃತ್ತಿ ಇತ್ತು. ಕೆಲಸಕ್ಕೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಅಥವಾ ಮೊದಲ ಸಲ ಬಸುರಿಯಾದರೆ ಅದಕ್ಕಿಂತ ಮೊದಲೇ. ಮ್ಯಾನೇಜಿಂಗ್ ಡೈರೆಕ್ಟರರು ಮನಸ್ಸು ಮಾಡಿದರೆ 45ರ ತನಕ. ಅದೇ ವಿಮಾನದಲ್ಲಿ ಅದೇ ತರಹದ ಕೆಲಸ ಮಾಡುವ ಪರ್ಸರ್ ಗಂಡಸರಿಗೆ 58. ನರ್ಗೇಶ್ ಮಿರ್ಜಾ ಎಂಬವರ ಹೆಸರಿನ ಮೊಕದ್ದಮೆಯಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಬಸಿರಿನ ಷರತ್ತನ್ನೂ ಡೈರೆಕ್ಟರರ ಮರ್ಜಿಯನ್ನೂ ಕಿತ್ತುಹಾಕಿತು, ಮದುವೆಯ ಷರತ್ತನ್ನು ಉಳಿಸಿತು. ಗಂಡಸರ ದರ್ಜೆ ಬೇರೆ, ಹೆಂಗಸರ ದರ್ಜೆ ಬೇರೆ ಎಂದಿತು. ಬೇರೆ ದರ್ಜೆ! ನಮ್ಮ ಹೋಟೇಲಿನ ಧಣಿಗಳು ಹೇಳುವ "ಮೇಲಿನ ಕೆಲಸದ ಹೆಂಗಸರು" ಎಂಬ ಮಾತೇ ಅಲ್ಲವೇ ಇದು?

ನಮ್ಮ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರು ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಅಷ್ಟು ಓದಿದವರು, ಅಷ್ಟು ದೇಶ ಕಂಡವರು. ಹೆಣ್ಣೆಂಬ ಕಾರಣಕ್ಕೆ ಬಡ್ತಿ ತಪ್ಪಿಸಿದರೆಂದು ಅವರೂ ಸುಪ್ರೀಂ ಕೋರ್ಟಿನ ಮೆಟ್ಟಲು ಹತ್ತಬೇಕಾಯಿತು. 1979ರಲ್ಲಿ ತೀರ್ಪು ಬರುವಾಗ ಅವರಿಗೆ ಐವತ್ತೈದು ವಯಸ್ಸು, ನಿವೃತ್ತಿ ಹತ್ತಿರ. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಕೊಟ್ಟರು. ದಾವೆ ಹೂಡಿದ ಮೇಲೆ ಬಡ್ತಿ ಬಂತು ಎಂಬುದನ್ನು ಮಾತ್ರ ನಾವು ಗುರುತು ಹಾಕಿಕೊಂಡೆವು.

ಅಕ್ಕ ದಾವೆ ಹೂಡಿದರೇ? ಇಲ್ಲ. ನಮ್ಮ ಹತ್ತಿರ ಬಂದದ್ದೇ ಮೂರು ತಿಂಗಳ ಮೇಲೆ, ಅದೂ ಮಗಳು ಕೈಹಿಡಿದು ಎಳೆದುಕೊಂಡು ಬಂದಾಗ. "ಅನ್ನ ಕೊಟ್ಟವರ ಮೇಲೆ ಹೇಗೆ ದೂರು ಕೊಡಲಿ?" ಎಂದರು. ಆಗ ನಾವು ಬೀರುವಿನಿಂದ 2012ರಲ್ಲಿ ಅದೇ ಹೋಟೇಲಿನೊಡನೆ ಮಾಡಿಕೊಂಡ ಒಪ್ಪಂದದ ಪ್ರತಿಯನ್ನು ತೆಗೆದೆವು. ಬಾಂಧವರೇ, ಅದರಲ್ಲಿ ಹನ್ನೊಂದು ಬೇಡಿಕೆಗಳಿವೆ. ಅಡಿಗೆಯವರ ಪಗಾರ, ಸಪ್ಲಾಯರ್‌ಗಳ ಬೋನಸ್ಸು, ಮಲಗುವ ಜಾಗಕ್ಕೆ ಫ್ಯಾನು, ವರ್ಷಕ್ಕೊಮ್ಮೆ ಊರಿಗೆ ಹೋಗುವ ರಜೆ. ಪಾತ್ರೆ ತೊಳೆಯುವ ಹೆಂಗಸರ ಬಗ್ಗೆ ಒಂದು ಸಾಲಿಲ್ಲ. ಕೆಳಗೆ ನಮ್ಮವರದೇ ರುಜುಗಳು. ಆ ದಿನ ಅದೇ ಅಕ್ಕ ನಮಗೆ ಚಹಾ ತಂದುಕೊಟ್ಟದ್ದು ನಮಗೆ ನೆನಪಿದೆ. ಧಣಿಗಳು ಪುಸ್ತಕದಲ್ಲಿ ಬರೆಯಲಿಲ್ಲ ಎಂದು ಇಷ್ಟು ಹೊತ್ತು ಹೇಳಿದೆವು. ನಾವೂ ಬರೆದಿರಲಿಲ್ಲ.

ಆ ಕಾಗದವನ್ನು ಅಕ್ಕನಿಗೆ ಓದಿ ಹೇಳಿ ತಪ್ಪೊಪ್ಪಿಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಈಗ ಬರೆಯಿರಿ" ಎಂದರು.

ಬರೆದೆವು. ಗ್ರ್ಯಾಚುಯಿಟಿ ಅಧಿಕಾರಿಗಳ ಮುಂದೆ ಅರ್ಜಿ ಹಾಕಿದೆವು. ಹದಿನೈದು ವರ್ಷದ ಸೇವೆಗೆ ಪುರಾವೆ ಏನು? ತರಕಾರಿ ತರುತ್ತಿದ್ದವನು ಹೇಳಿಕೆ ಕೊಟ್ಟ. ಊರಿಗೆ ಹೋಗಿ ಅಂಗಡಿ ಇಟ್ಟಿರುವ ಇಬ್ಬರು ಹಳೆಯ ಸಪ್ಲಾಯರ್‌ಗಳು ಬರೆದು ಕಳುಹಿಸಿದರು. 2009ರ ಆಯುಧಪೂಜೆಯ ಒಂದು ಫೋಟೋ ಸಿಕ್ಕಿತು. ರುಬ್ಬುವ ಯಂತ್ರಕ್ಕೆ ಹೂ ಹಾಕಿದ್ದಾರೆ, ಅದರ ಹಿಂದೆ ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಅಕ್ಕ ನಿಂತಿದ್ದಾರೆ. ಫೋಟೋದ ಮೂಲೆಯಲ್ಲಿ ತಾರೀಕು. ಅದನ್ನು ನೋಡಿದ ಮೇಲೆ ಧಣಿಗಳ ವಕೀಲರ ದನಿ ಇಳಿಯಿತು. ಕಡೆಗೆ ಹದಿನಾಲ್ಕು ವರ್ಷಕ್ಕೆ ರಾಜಿಯಾಯಿತು: 1,05,000 ರೂಪಾಯಿ, ಎರಡು ಕಂತು. ಎಂಟು ವರ್ಷ ಮೋರಿಯಲ್ಲಿ ಹೋಯಿತು. ಪಿಂಚಣಿ ಸಿಗಲಿಲ್ಲ, ಸಿಗುವುದೂ ಇಲ್ಲ. ಅಕ್ಕ ಈಗ ಎರಡು ಮನೆಗಳಲ್ಲಿ ಚಪಾತಿ ಮಾಡಿಕೊಡುತ್ತಾರೆ.

ಇನ್ನೊಂದು ಸಂಗತಿ ಉಪಯೋಗಕ್ಕೆ ಬರುವಂಥದು. ಈ.ಎಸ್.ಐ.ಯಲ್ಲಿ ಐದು ವರ್ಷ ಇದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ತಮಗೂ ಗಂಡ ಅಥವಾ ಹೆಂಡತಿಗೂ ಚಿಕಿತ್ಸೆ ಪಡೆಯಬಹುದು. ನಿವೃತ್ತರಾದವರು ಎಂಬ ಮಾತನ್ನು ಗಮನಿಸಿ. "ನಾಳೆಯಿಂದ ಬರಬೇಡಿ" ಎಂದು ಸೀರೆ ಕೊಟ್ಟು ಕಳುಹಿಸಿದರೆ ಅದು ನಿವೃತ್ತಿಯಲ್ಲ. ನಿವೃತ್ತಿಯೆಂದು ಕಾಗದದಲ್ಲಿ ಬರೆದು ರುಜು ಹಾಕಿಸಿಕೊಳ್ಳಬೇಕು. ಅಕ್ಕನಿಗೆ ಆ ಕಾಗದವನ್ನೂ ರಾಜಿಯ ದಿನವೇ ಬರೆಸಿಕೊಂಡೆವು. ಮಂಡಿಗೆ ಔಷಧಿ ಈಗ ಅಲ್ಲಿಂದ ಬರುತ್ತದೆ.

ಕೂರುವ ಮಾತು. ಅಂಗಡಿ ಹೋಟೇಲುಗಳಲ್ಲಿ ಕೆಲಸದವರಿಗೆ ಕುಳಿತುಕೊಳ್ಳಲು ಆಸನ ಇರಬೇಕೆಂದು ಕೇರಳದಲ್ಲಿ 2018ರಲ್ಲಿ, ತಮಿಳುನಾಡಿನಲ್ಲಿ 2021ರಲ್ಲಿ ಕಾನೂನು ತಿದ್ದಿದರು. ಕೇರಳದಲ್ಲಿ ಅದಕ್ಕಾಗಿ ಹೋರಾಡಿದವರು ಅಂಗಡಿಗಳಲ್ಲಿ ದಿನವಿಡೀ ನಿಂತು ಮಾರುವ ಹೆಂಗಸರೇ. ನಮ್ಮ ಈ ವರ್ಷದ ಬೇಡಿಕೆಪಟ್ಟಿಯಲ್ಲಿ ಮೋರಿಯ ಬದಿಗೆ ಒಂದು ಎತ್ತರದ ಸ್ಟೂಲು ಎಂದು ಬರೆದಿದ್ದೇವೆ. ಕಮಿಟಿಯಲ್ಲಿ ಒಬ್ಬರು, "ಇಷ್ಟು ಸಣ್ಣದಕ್ಕೆ ಯಾಕೆ ಬೇಡಿಕೆ?" ಎಂದರು. ಅವರನ್ನು ಒಂದು ದಿನ ಅಲ್ಲಿ ನಿಲ್ಲಿಸುವ ಎಂದು ಠರಾವು ಮಾಡಿದೆವು. ಅವರು ಇನ್ನೂ ದಿನ ಗೊತ್ತುಮಾಡಿಲ್ಲ.

ಹೊಸ ಸಂಹಿತೆಯಂತೆ ಪ್ರತಿಯೊಬ್ಬ ಕೆಲಸದವರಿಗೂ ನೇಮಕಪತ್ರ ಕೊಡಬೇಕು. ನಲವತ್ತೆಂಟು, ಐವತ್ತು ವಯಸ್ಸಿನ ಅಕ್ಕಂದಿರು ಅದನ್ನು ಈಗಲೇ ಕೇಳಬೇಕು. ಐವತ್ತೆಂಟಕ್ಕೆ ಹತ್ತು ವರ್ಷ ತುಂಬಬೇಕಾದರೆ ಇಂದಿನಿಂದ ಎಣಿಸಬೇಕು. ಬುಧವಾರ ಮಧ್ಯಾಹ್ನ ಮೂರರಿಂದ ಐದರ ತನಕ ನಾವು ಸಂಘದ ಕಚೇರಿಯಲ್ಲಿ ಇರುತ್ತೇವೆ, ನೀರು ಬರುವ ಹೊತ್ತಿಗೆ ಮೊದಲೇ ಬಿಡುತ್ತೇವೆ. ಆಧಾರ್ ಕಾರ್ಡು, ಫಂಡಿನ ನಂಬರು, ಹಳೆಯ ಆಯುಧಪೂಜೆಯ ಫೋಟೋ ಏನಿದ್ದರೂ ತನ್ನಿ. ಬರೆಯಲು ಬಾರದವರು ಹಾಗೆಯೇ ಬನ್ನಿ, ಬರೆದುಕೊಳ್ಳಲು ನಾವಿದ್ದೇವೆ.

ಈಗ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಅಕ್ಕ ಮಾತನಾಡಬೇಕೆಂದು ಅಧ್ಯಕ್ಷರಲ್ಲಿ ಅಪ್ಪಣೆ ಕೇಳುತ್ತೇವೆ. ನೀರು ತುಂಬಿಸಲು ಎರಡನೆಯ ಸಾಲಿನಿಂದ ಯಜಮಾನರು ಹೋಗಿಬರಲಿ.