‘ಅರ್ಥವಾಗಲಿಲ್ಲ’ ಎನ್ನುವುದನ್ನೂ ಕಲಿಸೋಣ
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಮಾನ್ಯ ದಾನಿಗಳೇ, ಪೋಷಕರೇ, ಪ್ರೀತಿಯ ವಿದ್ಯಾರ್ಥಿಗಳೇ,

ವರ್ಷದ ಲೆಕ್ಕಪತ್ರವನ್ನು ಖಜಾಂಚಿಯವರು ಈಗಷ್ಟೇ ಓದಿದರು. ಅದರಲ್ಲಿ ‘ವಿದೇಶಿ ಭಾಷಾ ತರಬೇತಿ ಮತ್ತು ಪರೀಕ್ಷಾ ಶುಲ್ಕ’ ಎಂಬ ಒಂದು ಸಾಲು ಬಂತು. ಆ ಒಂದು ಸಾಲಿನ ಬಗ್ಗೆ ಮಾತ್ರ ನಾವು ಇಂದು ಮಾತಾಡುತ್ತೇವೆ. ಆ ವಿಷಯದಲ್ಲಿ ನಮ್ಮಿಂದ ಒಂದು ತಪ್ಪಾಗಿದೆ. ನಿಮ್ಮ ಹಣ ನಮ್ಮ ಕೈಯಲ್ಲಿರುವ ಅಮಾನತ್. ಒಳ್ಳೆಯದಾದಾಗ ಫೋಟೊ ಹಾಕಿ ಹೇಳುವ ನಾವು ತಪ್ಪಾದಾಗಲೂ ಹೇಳಬೇಕು.

ಹಿಂದೆ ನಮ್ಮ ಮಕ್ಕಳಿಗೆ ಹೊರದೇಶ ಎಂದರೆ ಕೊಲ್ಲಿ. ಅಲ್ಲಿ ಉರ್ದು, ಹಿಂದಿ, ಮಲಯಾಳಂ ಯಾವುದಾದರೂ ನಡೆಯುತ್ತಿತ್ತು; ಅರಬಿ ಕೆಲಸ ಮಾಡುತ್ತ ಮಾಡುತ್ತ ಬಾಯಿಗೆ ಬರುತ್ತಿತ್ತು. ಈಗ ನರ್ಸಿಂಗ್ ಓದಿದ ಮಕ್ಕಳು ಜರ್ಮನಿಯ ಕಡೆ ನೋಡುತ್ತಿದ್ದಾರೆ. ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಹೇಳಿದ ಮೇಲೆ ನಮ್ಮ ಕಚೇರಿಗೆ ಬರುವ ಅರ್ಜಿಗಳ ಸ್ವರೂಪವೇ ಬದಲಾಗಿದೆ. ಅಲ್ಲಿ ಭಾಷೆ ಬಾರದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ಎ1ರಿಂದ ಸಿ2ರವರೆಗೆ ಆರು ಮಟ್ಟಗಳಿವೆ. ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಓದು, ಬರಹ, ಆಲಿಸುವಿಕೆ, ಮಾತು ಎಂದು ನಾಲ್ಕು ಭಾಗಗಳ ಪರೀಕ್ಷೆ. ಅದರ ಶುಲ್ಕ ಕಟ್ಟುವುದು, ಪ್ರಮಾಣಪತ್ರ ಬಂದ ಮೇಲೆ ಸನ್ಮಾನ ಮಾಡುವುದು, ಇಷ್ಟೇ ನಮ್ಮ ಕೆಲಸ ಎಂದುಕೊಂಡಿದ್ದೆವು.

ನಮ್ಮ ನೆರವಿನಿಂದ ಹೋದ ಒಬ್ಬ ಹುಡುಗಿಯ ವಿಷಯ ಹೇಳುತ್ತೇವೆ. ಆಕೆಯ ಅನುಮತಿ ಪಡೆದಿದ್ದೇವೆ, ಹೆಸರು ಮಾತ್ರ ಹೇಳುವುದಿಲ್ಲ. ತಾಯಿ ಬೀಡಿ ಕಟ್ಟಿ ಓದಿಸಿದ ಮಗು. ಬಿ2 ಪರೀಕ್ಷೆಯನ್ನು ಮೊದಲ ಸಲಕ್ಕೇ ಪಾಸಾದಳು. ಜರ್ಮನಿಯ ಒಂದು ಆಸ್ಪತ್ರೆಗೆ ಸೇರಿದ ಕೆಲವು ತಿಂಗಳಲ್ಲಿ ಒಂದು ರಾತ್ರಿ ನಮಗೆ ಫೋನ್ ಮಾಡಿ ಅತ್ತಳು. “ನನ್ನನ್ನು ವಾಪಸ್ ಕಳುಹಿಸುತ್ತಾರೇನೋ” ಎಂದಳು.

ನಡೆದದ್ದು ಇಷ್ಟು. ನುಂಗಲು ಕಷ್ಟಪಡುವ ಒಬ್ಬ ವೃದ್ಧರಿಗೆ ಬರೀ ನೀರು ಕೊಡಬಾರದು, ಗಟ್ಟಿ ಮಾಡಿದ ಪಾನೀಯವನ್ನೇ ಕೊಡಬೇಕು ಎಂದು ಹಿರಿಯ ನರ್ಸ್ ವೇಗವಾಗಿ ಹೇಳಿಹೋದರು. ಈಕೆ ಪ್ರತಿ ಮಾತಿಗೂ “ಯಾ, ಯಾ” ಎಂದಳು. ಜರ್ಮನ್‌ನಲ್ಲಿ ‘ಯಾ’ ಎಂದರೆ ಹೌದು. ಆದರೆ ಈಕೆ ಹೇಳಿದ್ದು ನಮ್ಮ ‘ಹೂಂ’. ಕಥೆ ಕೇಳುವಾಗ, ಫೋನಿನಲ್ಲಿ, ಅಜ್ಜಿ ಬುದ್ಧಿ ಹೇಳುವಾಗ ನಾವು ಹೂಂಗುಟ್ಟುತ್ತೇವಲ್ಲ, ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳಿ’ ಎನ್ನುವ ಹೂಂ, ಅದು. ಆ ನರ್ಸ್ ಅದನ್ನು ‘ಅರ್ಥವಾಯಿತು, ಹಾಗೆಯೇ ಮಾಡುತ್ತೇನೆ’ ಎಂದು ತಿಳಿದರು. ಆ ವೃದ್ಧರು ನೀರು ಕೇಳಿದರು, ಈಕೆ ಲೋಟದಲ್ಲಿ ನೀರು ಕೊಟ್ಟಳು. ಅವರಿಗೆ ಕೆಮ್ಮು ಹತ್ತಿತು, ಉಸಿರು ಕಟ್ಟಿತು. ಪಕ್ಕದಲ್ಲಿದ್ದವರು ಓಡಿಬಂದರು. ಅಲ್‌ಹಮ್ದುಲಿಲ್ಲಾಹ್, ಅಪಾಯವಾಗಲಿಲ್ಲ. ಆದರೆ ಮೇಲ್ವಿಚಾರಕರು ಕರೆದು ಕೇಳಿದ ಪ್ರಶ್ನೆ ಒಂದೇ: “ಅರ್ಥವಾಗದಿದ್ದರೆ ಯಾಕೆ ಹೇಳಲಿಲ್ಲ?”

ಇದೇ ಪ್ರಶ್ನೆಯನ್ನು ನಾವೂ ಕೇಳಿದೆವು. ಆಕೆ ಕೊಟ್ಟ ಉತ್ತರ ನಮ್ಮನ್ನು ಸುಮ್ಮನಾಗಿಸಿತು. “ದೊಡ್ಡವರು ಹೇಳುವಾಗ ಮಧ್ಯೆ ಬಾಯಿ ಹಾಕಬಾರದು ಅಂತ ನೀವೇ ಅಲ್ಲವೇ ಕಲಿಸಿದ್ದು?”

ಹೌದು, ನಾವೇ ಕಲಿಸಿದ್ದು. ಅದು ನಮ್ಮ ಮನೆಯಲ್ಲಿ ಅದಬು. ಅಲ್ಲಿ ಅರ್ಥವಾಗದೆ ಸುಮ್ಮನಿರುವುದು ಮರ್ಯಾದೆಯಲ್ಲ, ರೋಗಿಗೆ ಅಪಾಯ. ಭಾಷೆ ಬದಲಾದರೆ ಪದ ಮಾತ್ರ ಬದಲಾಗುತ್ತದೆ, ಮರ್ಯಾದೆಯ ರೀತಿ ಹಾಗೆಯೇ ಇರುತ್ತದೆ ಎಂದು ನಾವು ಎಣಿಸಿದ್ದೇ ತಪ್ಪು.

ಆಮೇಲೆ ಹೋಗಿಬಂದವರನ್ನೂ ಅಲ್ಲಿರುವವರನ್ನೂ ವಿಚಾರಿಸಿದೆವು. ಅವರು ಹೇಳಿದ್ದರಲ್ಲಿ ಮುಖ್ಯವಾದವನ್ನು ಮಕ್ಕಳ ಮುಂದಿಡುತ್ತೇವೆ.

ಮೊದಲನೆಯದು ಸಂಬೋಧನೆ. ಜರ್ಮನ್‌ನಲ್ಲಿ ‘ಡೂ’ ಎಂದರೆ ನೀನು, ‘ಝೀ’ ಎಂದರೆ ನೀವು. ಇದು ನಮಗೆ ಹೊಸತಲ್ಲ. ಕನ್ನಡದಲ್ಲಿ ನೀನು-ನೀವು ಇದೆ, ಉರ್ದುವಿನಲ್ಲಿ ತೂ, ತುಮ್, ಆಪ್ ಇದೆ. ಇಂಗ್ಲಿಷ್ ಮಾತ್ರ ಬಲ್ಲವರಿಗಿಂತ ನಮ್ಮ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ. ತೊಡಕು ಬೇರೆ ಕಡೆ ಇದೆ. ನಾವು ಗುರುತಿಲ್ಲದ ವೃದ್ಧೆಯನ್ನು ‘ಅಜ್ಜಿ’ ಎಂದರೆ ಅದು ಪ್ರೀತಿ, ಗೌರವ ಎರಡೂ. ಅಲ್ಲಿ ರೋಗಿಯನ್ನು ‘ಓಮಾ’ ಎಂದರೆ, ಅಂದರೆ ಅಜ್ಜಿ ಎಂದರೆ, ಅವರನ್ನು ಹಗುರವಾಗಿ ಕಂಡಂತೆ. ಹೆಂಗಸಾದರೆ ‘ಫ್ರೌ’, ಗಂಡಸಾದರೆ ‘ಹೆರ್’, ಜೊತೆಗೆ ಮನೆತನದ ಹೆಸರು, ಮತ್ತು ‘ಝೀ’. ‘ಡೂ’ ಎನ್ನೋಣವೇ ಎಂದು ಹಿರಿಯರು ತಾವಾಗಿ ಹೇಳುವವರೆಗೆ ಕಾಯಬೇಕು. ಇನ್ನೊಂದು ಸಂಗತಿ: ನಮ್ಮ ಅನೇಕ ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ತಂದೆಯ ಹೆಸರಿದೆ. “ಫ್ರೌ ಮುಹಮ್ಮದ್” ಎಂದು ಕರೆದರೆ ನಮ್ಮ ಹುಡುಗಿ ಬಾಪಾ ಬಂದರೇ ಎಂದು ಹಿಂದೆ ತಿರುಗಿ ನೋಡಿದ್ದಳಂತೆ. ನಗು ಬರುತ್ತದೆ, ಆದರೆ ಕರೆದಾಗ ಓಗೊಡದವಳು ಎಂಬ ಹೆಸರು ಬಂದರೆ ನಗುವ ವಿಷಯವಲ್ಲ.

ಎರಡನೆಯದು ಬೇಡ-ಬೇಕು. ನಮ್ಮ ಮನೆಗಳಲ್ಲಿ ಊಟಕ್ಕೆ ಕರೆದರೆ ಮೊದಲು ‘ಬೇಡ’ ಎನ್ನುತ್ತೇವೆ, ಎರಡನೇ ಸಲವೂ ‘ಬೇಡ’ ಎನ್ನುತ್ತೇವೆ, ಮೂರನೇ ಸಲ ಕೂರುತ್ತೇವೆ. ಅಲ್ಲಿ ಮೊದಲ ‘ಬೇಡ’ವೇ ಕೊನೆಯದು. ಅದಕ್ಕಿಂತ ಸೂಕ್ಷ್ಮವಾದದ್ದು: ಚಹಾ ಬೇಕೇ ಎಂದು ಕೇಳಿದಾಗ ಬರೀ ‘ಡಾಂಕೆ’, ಧನ್ಯವಾದ, ಎಂದರೆ ಅಲ್ಲಿ ಸಾಮಾನ್ಯವಾಗಿ ‘ಬೇಡ, ಧನ್ಯವಾದ’ ಎಂದೇ ಅರ್ಥ. ಬೇಕಿದ್ದರೆ ‘ಯಾ, ಬಿಟ್ಟೆ’ ಎನ್ನಬೇಕು. ನಮ್ಮ ಒಬ್ಬ ಹುಡುಗ ಎಷ್ಟೋ ದಿನ ವಿನಯದಿಂದ ಡಾಂಕೆ ಹೇಳಿ ಚಹಾ ಇಲ್ಲದೆ ಕೂತಿದ್ದನಂತೆ. ಹಾಗೆಯೇ ಹೆಚ್ಚುವರಿ ಪಾಳಿ ಮಾಡುತ್ತೀರಾ ಎಂದಾಗ ಆಗದಿದ್ದರೆ ‘ನೋಡೋಣ’ ಎನ್ನಬಾರದು. ‘ನೋಡೋಣ’ ಎಂದರೆ ಇಲ್ಲ ಎಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕಾರಣ ಹೇಳಿ ‘ಆಗುವುದಿಲ್ಲ’ ಎಂದರೆ ಅವರು ಬೇಸರಪಡುವುದಿಲ್ಲ. ಬರುತ್ತೇನೆಂದು ತಿಳಿಯುವಂತೆ ಮಾಡಿ ಬಾರದಿದ್ದರೆ ನಂಬಿಕೆ ಹೋಗುತ್ತದೆ.

ಮೂರನೆಯದು ಲೆಕ್ಕ. ‘ಹಾಲ್ಬ್ ದ್ರೈ’ ಎಂಬುದನ್ನು ಪದಕ್ಕೆ ಪದ ಹಾಕಿದರೆ ಅರ್ಧ ಮೂರು. ನಮ್ಮವರು ಮೂರೂವರೆ ಎಂದುಕೊಳ್ಳುತ್ತಾರೆ. ಅದು ಎರಡೂವರೆ, ಮೂರರ ಕಡೆಗೆ ಅರ್ಧ ದಾರಿ ಎಂಬ ಲೆಕ್ಕ. ಒಂದು ಗಂಟೆ ತಡವಾದರೆ ಪಾಳಿಯೇ ತಪ್ಪಿತು. ನಲವತ್ತೈದನ್ನು ಅವರು ‘ಐದು ಮತ್ತು ನಲವತ್ತು’ ಎನ್ನುತ್ತಾರೆ. ಕೇಳುತ್ತ ಬರೆದರೆ 54 ಆಗಿಬಿಡುತ್ತದೆ. ಮದ್ರಸದಲ್ಲಿ ಅರಬಿ ಕಲಿತ ಮಕ್ಕಳಿಗೆ ಇಲ್ಲಿ ಅನುಕೂಲ, ಅರಬಿಯಲ್ಲೂ ಬಿಡಿ ಮೊದಲು, ಹತ್ತು ಆಮೇಲೆ. ಇನ್ನು ಬರಹದಲ್ಲಿ 2,5 ಎಂದಿದ್ದರೆ ಎರಡೂವರೆ, 1.000 ಎಂದಿದ್ದರೆ ಒಂದು ಸಾವಿರ. ನಾವು ಚುಕ್ಕೆ ಇಡುವಲ್ಲಿ ಅವರು ಅಲ್ಪವಿರಾಮ ಇಡುತ್ತಾರೆ. ಔಷಧದ ಪ್ರಮಾಣದಲ್ಲಿ ಈ ಚಿಹ್ನೆ ತಪ್ಪಿದರೆ ಏನಾಗಬಹುದು ಎಂದು ನರ್ಸಿಂಗ್ ಓದುವ ಮಕ್ಕಳಿಗೆ ನಾವು ಹೇಳಬೇಕಿಲ್ಲ.

ನಾಲ್ಕನೆಯದನ್ನು ಪೋಷಕರು ಹೆಚ್ಚಾಗಿ ಕೇಳುತ್ತಾರೆ: “ಅಲ್ಲಿಗೆ ಹೋದರೆ ನಮ್ಮ ಮಕ್ಕಳು ನಮ್ಮ ರೀತಿ-ನೀತಿ ಬಿಡಬೇಕೇ?” ಬಿಡಬೇಕಿಲ್ಲ, ಬಾಯಿಬಿಟ್ಟು ಹೇಳಬೇಕು. ಹಂದಿಮಾಂಸ ತಿನ್ನುವುದಿಲ್ಲ ಎಂಬುದನ್ನು ಊಟದ ತಟ್ಟೆ ಮುಂದೆ ಬಂದ ಮೇಲೆ ಮುಖ ಸಿಂಡರಿಸಿ ತೋರಿಸುವುದಲ್ಲ, ಮೊದಲೇ ಒಂದು ವಾಕ್ಯದಲ್ಲಿ ಹೇಳುವುದು. ಕೈಕುಲುಕಲು ಇಷ್ಟವಿಲ್ಲದವರು ಸುಮ್ಮನೆ ಕೈ ಹಿಂದಕ್ಕೆ ಎಳೆದುಕೊಂಡರೆ ಎದುರಿನವರಿಗೆ ಅವಮಾನವಾಗುತ್ತದೆ. ಎದೆಯ ಮೇಲೆ ಕೈಯಿಟ್ಟು, ಮುಖ ನೋಡಿ ನಕ್ಕು, ಕಾರಣವನ್ನು ಒಂದು ಮಾತಿನಲ್ಲಿ ಹೇಳಿದರೆ ಬಹಳ ಮಂದಿ ಅರ್ಥಮಾಡಿಕೊಳ್ಳುತ್ತಾರೆ. ಮುಖ ನೋಡಿ ಎಂದದ್ದನ್ನು ಗಮನಿಸಿ. ಹಿರಿಯರ ಮುಂದೆ ಕಣ್ಣು ತಗ್ಗಿಸುವುದು ನಮ್ಮಲ್ಲಿ ಗೌರವ. ಅಲ್ಲಿ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಸಂಶಯ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಮಕ್ಕಳು ಫೋನ್ ಮಾಡಿ ಕಷ್ಟ ಹೇಳಿಕೊಂಡಾಗ “ಅಡ್ಜಸ್ಟ್ ಮಾಡ್ಕೊ ಮಗಳೇ, ಎದುರು ಮಾತಾಡಬೇಡ” ಎಂದಷ್ಟೇ ಹೇಳಬೇಡಿ. “ಅರ್ಥವಾಗದಿದ್ದರೆ ಕೇಳು, ಎರಡು ಸಲ ಕೇಳು” ಎನ್ನಿ. ಅದು ಎದುರುಮಾತಲ್ಲ.

ಆ ಹುಡುಗಿಯ ವಿಷಯಕ್ಕೆ ಬರುತ್ತೇವೆ. ನಮ್ಮಲ್ಲಿ ಕೆಲವರು ಅವಳನ್ನು ಕರೆಸಿಕೊಳ್ಳೋಣ ಎಂದೆವು. ಆಕೆ ಒಪ್ಪಲಿಲ್ಲ. ಮರುದಿನ ಮೇಲ್ವಿಚಾರಕರ ಬಳಿ ಹೋಗಿ, ನಮ್ಮೂರಿನ ಹೂಂ ಎಂದರೇನು ಎಂದು ವಿವರಿಸಿದಳು. ಇನ್ನು ಮುಂದೆ ಪ್ರತಿ ಸೂಚನೆಯನ್ನೂ ನನ್ನ ಮಾತಿನಲ್ಲಿ ತಿರುಗಿ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ ಎಂದು ಕೇಳಿಕೊಂಡಳು. ಅವರು ಒಪ್ಪಿದರು. ಆಕೆ ಇಂದೂ ಅಲ್ಲೇ ಕೆಲಸದಲ್ಲಿದ್ದಾಳೆ. ಹೊಸದಾಗಿ ಹೋಗುವವರಿಗೆ ಕಲಿಸಲು ಏನು ಬೇಕೆಂದು ಕೇಳಿದಾಗ ಮೊದಲು ಬರೆದುಕೊಟ್ಟ ವಾಕ್ಯ ಇದು: “ಇಶ್ ಹಾಬೆ ದಾಸ್ ನಿಶ್ಟ್ ಫೆರ್‌ಷ್ಟಾಂಡೆನ್.” ನನಗೆ ಅದು ಅರ್ಥವಾಗಲಿಲ್ಲ.

ಆದ್ದರಿಂದ ಈ ವರ್ಷದಿಂದ ಭಾಷಾ ವಿದ್ಯಾರ್ಥಿವೇತನದಲ್ಲಿ ಮೂರು ಬದಲಾವಣೆ ಮಾಡಿದ್ದೇವೆ. ಒಂದು, ಪರೀಕ್ಷಾ ಶುಲ್ಕದ ಜೊತೆಗೆ ಹೊರಡುವ ಮುನ್ನ ನಡೆಯುವ ಮಾತುಕತೆಯ ಅಭ್ಯಾಸ ಶಿಬಿರದ ಖರ್ಚನ್ನೂ ಟ್ರಸ್ಟ್ ಭರಿಸುತ್ತದೆ. ಶಿಬಿರಕ್ಕೆ ಹಾಜರಾಗುವುದು ಕಡ್ಡಾಯ. ಎರಡು, ಈಗಾಗಲೇ ಅಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಹೊಸಬರಿಗೆ ಮೊದಲ ವರ್ಷ ಜೊತೆಗಾರರಾಗಿರುತ್ತಾರೆ. ಮೂರು, ಶಿಬಿರದ ಒಂದು ದಿನ ಪೋಷಕರೂ ಬರಬೇಕು. ಅರ್ಜಿ ನಮೂನೆ ಈ ವರದಿಯ ಕೊನೆಯಲ್ಲಿದೆ. ಬೇರೆ ಸಮುದಾಯದ ಬಡ ಮಕ್ಕಳೂ ಅರ್ಜಿ ಹಾಕಬಹುದು.

ದಾನಿಗಳೇ, ಇದರಿಂದ ಒಬ್ಬ ವಿದ್ಯಾರ್ಥಿಯ ಮೇಲಿನ ಖರ್ಚು ಸ್ವಲ್ಪ ಹೆಚ್ಚುತ್ತದೆ, ಅದೇ ಹಣದಲ್ಲಿ ಕಳುಹಿಸುವವರ ಸಂಖ್ಯೆ ಕಡಿಮೆಯಾಗಬಹುದು. ಮುಂದಿನ ವರ್ಷ ವೇದಿಕೆಯ ಮೇಲೆ ನಿಲ್ಲುವ ಮಕ್ಕಳು ಕಡಿಮೆ ಕಂಡರೆ ದಯವಿಟ್ಟು ಬೇಸರಪಡಬೇಡಿ. ಹೋದವರು ನೆಲೆಯೂರಿ ನಿಲ್ಲಲಿ ಎಂಬುದೇ ನಮ್ಮ ಆಸೆ.

ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ, ನಮ್ಮ ಮಕ್ಕಳ ನಾಲಿಗೆಯ ತೊಡಕನ್ನು ಬಿಡಿಸಲಿ. ಆಮೀನ್.