ಬಲ್ಬಿನ ಬಾಲ ಕತ್ತರಿಸುವ ಲೆಕ್ಕ

ಎಲ್‌ಇಡಿ ದೀಪ ಬೆಳಕನ್ನಷ್ಟೇ ಅಲ್ಲ, ಸುದ್ದಿಯನ್ನೂ ಸಾಗಿಸಬಲ್ಲದು. ಉರಿದರೆ 1, ಆರಿದರೆ 0. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಿನುಗಿದರೂ ನಮ್ಮ ಕಣ್ಣಿಗೆ ಅದು ಸುಮ್ಮನೆ ಉರಿಯುವ ದೀಪ. ಎದುರಿಗಿರುವ, ಬೆಳಕನ್ನು ಗ್ರಹಿಸುವ ಫೋಟೋಡಯೋಡ್ ಮಾತ್ರ ಒಂದೊಂದು ಮಿನುಗನ್ನೂ ಓದಿಕೊಳ್ಳುತ್ತದೆ. ಎಡಿನ್‌ಬರೊ ವಿಶ್ವವಿದ್ಯಾಲಯದ ಹರಾಲ್ಡ್ ಹಾಸ್ 2011ರಲ್ಲಿ ಇದಕ್ಕೆ ‘ಲೈ-ಫೈ’ ಎಂಬ ಹೆಸರು ಕೊಟ್ಟರು.

ತೊಡಕು ಶುರುವಾಗುವುದು ದೀಪದ ಒಳಗೇ. ನಮ್ಮ ಮನೆಗಳ ಬಿಳಿ ಎಲ್‌ಇಡಿಯೊಳಗೆ ಸಾಮಾನ್ಯವಾಗಿ ಇರುವುದು ನೀಲಿ ಬೆಳಕಿನ ಚಿಪ್! ಅದರ ಮೇಲೆ ಫಾಸ್ಫರ್ ಎಂಬ ಹಳದಿ ಲೇಪನ. ನೀಲಿಯೂ ಹಳದಿಯೂ ಬೆರೆತು ಬಿಳಿಯಾಗಿ ಕಾಣುತ್ತದೆ. ನೀಲಿ ಚುರುಕು, ಆರು ಎಂದರೆ ಬೇಗ ಆರುತ್ತದೆ. ಹಳದಿ ಸೋಮಾರಿ, ಇನ್ನೂ ಸ್ವಲ್ಪ ಹೊತ್ತು ಹೊಳೆಯುತ್ತಲೇ ಇರುತ್ತದೆ. ಆ ಬೆಳಕಿನ ಬಾಲ ಮುಂದಿನ ಅಂಕಿಯ ಮೇಲೆ ಬೀಳುತ್ತದೆ. ಗೋಡೆಗೆ ಬಡಿದು ಬರುವ ಬೆಳಕೂ ತಡವಾಗಿ ಬಂದು ಸೇರಿಕೊಳ್ಳುತ್ತದೆ. 3 ಮೀಟರ್ ಹೆಚ್ಚು ಸುತ್ತಿದರೆ ತಡ ಸೆಕೆಂಡಿನ 10 ಕೋಟಿಯಲ್ಲಿ ಒಂದು ಪಾಲು ಮಾತ್ರ. ಆದರೆ ತುಂಬ ವೇಗವಾಗಿ ಮಿನುಗುವ ದೀಪಕ್ಕೆ ಅದೂ ದೊಡ್ಡದೇ.

ಪೆನ್ಸಿಲ್ ಹಿಡಿಯಿರಿ. ಒಂದು ಮಿನುಗಿನ ಬೆಳಕು 10, ಅದರ ಬಾಲ 6 ಎಂದುಕೊಳ್ಳೋಣ. ದೀಪ ಕಳಿಸಿದ್ದು 1, 0, 1, 1. ಆ ಕಡೆ ಸಿಕ್ಕಿದ್ದು 10, 6, 10, 16. ಐದಕ್ಕಿಂತ ಹೆಚ್ಚಿದ್ದರೆ 1 ಎಂದು ಓದುವ ಯಂತ್ರ ನಾಲ್ಕನ್ನೂ 1 ಎಂದುಬಿಡುತ್ತದೆ. ಈಗ ಜಾಣತನ ಮಾಡೋಣ: ಹಿಂದಿನದು 1 ಆಗಿದ್ದರೆ ಈಗ ಸಿಕ್ಕಿದ್ದರಲ್ಲಿ 6 ಕಳೆಯಿರಿ. 10, 0, 10, 10. ಸರಿಯಾದ ಸುದ್ದಿ ಬಂತು! ಹೀಗೆ ತಿದ್ದುವ ಏರ್ಪಾಟಿಗೆ ಈಕ್ವಲೈಸರ್ ಎನ್ನುತ್ತಾರೆ.

ಬಾಲ 6 ಎಂದು ಯಂತ್ರಕ್ಕೆ ಹೇಳಿದವರಾರು? ನನಗೆ ಬಲು ಇಷ್ಟವಾದ ಭಾಗ ಇದೇ. ಸುದ್ದಿಗೆ ಮುಂಚೆ ದೀಪ ಎರಡೂ ಕಡೆಗೆ ಮೊದಲೇ ಗೊತ್ತಿರುವ ಅಂಕಿಗಳ ಒಂದು ಸಾಲು ಕಳಿಸುತ್ತದೆ. ಬರಬೇಕಾದ್ದೇನು, ಬಂದದ್ದೇನು ಎಂದು ಹೋಲಿಸಿ ಯಂತ್ರವೇ ಬಾಲವನ್ನು ಅಳೆದುಕೊಳ್ಳುತ್ತದೆ. ದೀಪವನ್ನೋ ಮೇಜನ್ನೋ ಸರಿಸಿದರೆ ಅಳತೆ ಬದಲಾಗಬಹುದು, ಹಾಗಾಗಿ ಆಗಾಗ ಈ ಪರೀಕ್ಷೆ ನಡೆಯುತ್ತಲೇ ಇರಬೇಕು.

ಫೋಟೋಡಯೋಡಿನ ಮುಂದೆ ನೀಲಿ ಗಾಜಿಟ್ಟು ಸೋಮಾರಿ ಹಳದಿಯನ್ನು ತಡೆಯುವ ಸುಲಭದ ದಾರಿಯೂ ಇದೆ. ಆದರೆ ಬಂದ ಬೆಳಕಿನ ದೊಡ್ಡ ಪಾಲು ಹಳದಿಯಲ್ಲೇ ಇರುವುದರಿಂದ, ದೂರದ ದೀಪವಾದರೆ ಓದಲು ಉಳಿಯುವ ಬೆಳಕೇ ಸಾಲದೆ ಹೋಗಬಹುದು.