ನೋವಿಲ್ಲದ ಗಾಯ: ಮಧುಮೇಹದೊಡನೆ ದಿನನಿತ್ಯದ ಬದುಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯ ಮೊದಲ ತಂಡದಲ್ಲಿ ಓದಿದವನು ನಾನು. ಆಗ ಕಟ್ಟಡ ಇರಲಿಲ್ಲ. ಹೊಂಗೆ ಮರದ ಕೆಳಗೆ ಪಾಠ ನಡೆಯುತ್ತಿತ್ತು. ನಾಲೆ ಏರಿಯ ಮೇಲೆ ಮೂರು ಮೈಲಿ ನಡೆದು ಬರುತ್ತಿದ್ದೆವು. ಸಕ್ಕರೆ ಕಾಯಿಲೆ ಎಂದರೆ ಪೇಟೆಯ ಸಾಹುಕಾರರಿಗೆ ಬರುವುದು ಎಂದು ಆಗ ನಮ್ಮ ಊರಿನವರ ನಂಬಿಕೆ. ಇವತ್ತು ಬೆಳಿಗ್ಗೆ ತಿಂಡಿಗೆ ಕುಳಿತಾಗ ನಮ್ಮ ಪಂಕ್ತಿಯಲ್ಲಿ ಎಂಟು ಜನ ಸಹಪಾಠಿಗಳಿದ್ದೆವು. ಅವರಲ್ಲಿ ಐವರು ಸಕ್ಕರೆ ಹಾಕದ ಕಾಫಿ ಕೇಳಿದರು. ದೇಶದ ಸ್ಥಿತಿಯೂ ಹೀಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ.

ಈ ಕಾಯಿಲೆಯನ್ನು ನಾಲೆ ಬಯಲಿನವರಾದ ನಮಗೆ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ರಕ್ತನಾಳ ಒಂದು ನಾಲೆ ಎಂದುಕೊಳ್ಳಿ. ಅದರಲ್ಲಿ ಹರಿಯುವ ನೀರು ನಾವು ತಿಂದ ಅನ್ನ, ಮುದ್ದೆಯಿಂದ ಬಂದ ಸಕ್ಕರೆ. ದೇಹದ ಜೀವಕೋಶಗಳು ಗದ್ದೆಗಳು. ನೀರು ಗದ್ದೆಗೆ ಇಳಿಯಲು ತೂಬು ಎತ್ತಬೇಕಲ್ಲವೇ? ಆ ಕೆಲಸ ಮಾಡುವುದು ಇನ್ಸುಲಿನ್. ಮೇದೋಜೀರಕ ಗ್ರಂಥಿ ಅದನ್ನು ತಯಾರಿಸುತ್ತದೆ. ಇನ್ಸುಲಿನ್ ಸಾಲದಾದಾಗ, ಅಥವಾ ತೂಬು ತುಕ್ಕು ಹಿಡಿದಂತೆ ಅದರ ಮಾತು ಕೇಳದಾದಾಗ, ನಾಲೆ ತುಂಬಿ ಹರಿಯುತ್ತಿದ್ದರೂ ಗದ್ದೆ ಒಣಗುತ್ತದೆ. ಸಕ್ಕರೆ ಹೆಚ್ಚಿದ್ದರೂ ರೋಗಿಗೆ ಸುಸ್ತು ಆಗುವುದು ಇದರಿಂದಲೇ. ವರ್ಷಗಟ್ಟಲೆ ಹಾಗೇ ಬಿಟ್ಟರೆ ನಾಲೆಯ ಏರಿಯೇ ಹಾಳಾಗುತ್ತದೆ. ಕಣ್ಣು, ಮೂತ್ರಪಿಂಡ, ಹೃದಯ, ಕಾಲಿನ ನರಗಳು ಕೆಡುವುದು ಹಾಗೆ.

ಈಗ ನನ್ನ ಮನೆಯ ಕಥೆಯನ್ನೇ ಹೇಳುತ್ತೇನೆ. ನಮ್ಮ ತಂದೆ ಕಬ್ಬು ಬೆಳೆಯುವ ರೈತರು. ಹತ್ತು ವರ್ಷದಿಂದ ಅವರಿಗೆ ಶುಗರ್ ಇತ್ತು. ನಾನು ಬೇರೆ ಜಿಲ್ಲೆಯಲ್ಲಿ ಸರ್ಕಾರಿ ವೈದ್ಯ. ಪ್ರತಿ ಭಾನುವಾರ ಫೋನ್ ಮಾಡಿ ‘ಶುಗರ್ ಎಷ್ಟು ಬಂತಪ್ಪ?’ ಎಂದು ಕೇಳುತ್ತಿದ್ದೆ. ಅವರು ಒಂದು ಸಂಖ್ಯೆ ಹೇಳುತ್ತಿದ್ದರು. ನನ್ನ ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತಿದ್ದೆ. ರಿಪೋರ್ಟ್ ಚೆನ್ನಾಗಿ ಬಂದಾಗಲೆಲ್ಲ ಅವರು ಮಾತ್ರೆ ನಿಲ್ಲಿಸುತ್ತಿದ್ದರೆಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಒಂದು ವರ್ಷ ಕಬ್ಬು ಕಡಿಸುವಾಗ ಬರಿಗಾಲಲ್ಲಿ ಗದ್ದೆಗೆ ಇಳಿದಿದ್ದರು. ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿತು. ಅರಿಸಿನ ಹಚ್ಚಿ ಬಟ್ಟೆ ಕಟ್ಟಿಕೊಂಡು ಓಡಾಡಿಕೊಂಡಿದ್ದರು. ಯುಗಾದಿಗೆ ನಾನು ಊರಿಗೆ ಬಂದಾಗ ಬಾಗಿಲಲ್ಲೇ ವಾಸನೆ ತಿಳಿಯಿತು. ಬಟ್ಟೆ ಬಿಚ್ಚಿ ನೋಡಿದೆ. ಪಾದ ಕೊಳೆತಿತ್ತು. ಮೊಣಕಾಲ ಕೆಳಗೆ ಕಾಲನ್ನೇ ತೆಗೆಯಬೇಕಾಯಿತು. ‘ಯಾಕಪ್ಪಾ ನನಗೆ ಹೇಳಲಿಲ್ಲ?’ ಎಂದರೆ, ‘ನೋವಾಗಿದ್ರೆ ಹೇಳ್ತಿರ್ಲಿಲ್ವೇನೋ ಮಗ?’ ಎಂದರು.

ಅವರ ತಪ್ಪು ಅದರಲ್ಲಿ ಇರಲಿಲ್ಲ. ನರಗಳು ಸತ್ತ ಕಾಲಿಗೆ ನೋವು ತಿಳಿಯುವುದಿಲ್ಲ. ತಪ್ಪು ನನ್ನದು. ಸಾವಿರಾರು ರೋಗಿಗಳ ಕಾಲು ನೋಡಿದವನು ಮನೆಯವರ ಕಾಲು ನೋಡಿರಲಿಲ್ಲ. ಮಧುಮೇಹದಲ್ಲಿ ‘ನನಗೇನೂ ಆಗುತ್ತಿಲ್ಲ’ ಎಂಬ ಮಾತನ್ನು ನಂಬಬಾರದು ಎಂಬುದೇ ನಾನಿಂದು ಹೇಳಲು ಬಂದಿರುವ ವಿಷಯ.

ಆದ್ದರಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಅದು ಮಧುಮೇಹ. ಲಕ್ಷಣಗಳಿಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ತಪಾಸಣೆ ಮಾಡುತ್ತಾರೆ. ಇಲ್ಲಿರುವ ತಾಯಂದಿರಿಗೆ ಒಂದು ಮಾತು: ಗಂಡನ ಫೈಲು ಹಿಡಿದು ಆಸ್ಪತ್ರೆಗೆ ಬರುವ ನೀವು ನಿಮ್ಮ ರಕ್ತ ಕೊಡದೆ ಹಿಂದಿರುಗುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಬಸುರಿಯಾಗಿದ್ದಾಗ ಸಕ್ಕರೆ ಏರಿದ್ದವರಂತೂ ಪರೀಕ್ಷೆಯನ್ನು ಬಿಡಲೇಬಾರದು.

ಇನ್ನು ಊಟ. ‘ಅನ್ನ ಬಿಟ್ಟಿದ್ದೇನೆ ಡಾಕ್ಟ್ರೇ, ಮೂರು ಮುದ್ದೆ ಉಣ್ಣುತ್ತೇನೆ’ ಎನ್ನುವವರಿದ್ದಾರೆ. ರಾಗಿಯಲ್ಲಿ ನಾರು, ಸುಣ್ಣದಂಶ ಇದೆ, ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ಸಕ್ಕರೆ ಏರಿಸುತ್ತದೆ. ಬೆಲ್ಲವೂ ಅಷ್ಟೇ. ಆಲೆಮನೆಯ ಊರಿನವನಾಗಿ ಹೇಳಲು ಬೇಸರವೇ, ಆದರೆ ರಕ್ತಕ್ಕೆ ಬೆಲ್ಲ, ಸಕ್ಕರೆ ಎಂಬ ಭೇದವಿಲ್ಲ. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ ಇರಲಿ, ಕಾಲು ಭಾಗ ಕಾಳು, ಬೇಳೆ ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಮಾತ್ರ ಮುದ್ದೆಯೋ ಅನ್ನವೋ ಇರಲಿ. ಬಸ್ಸಾರು, ಹುರುಳಿಕಾಳಿನ ಸಾರು, ಉಪ್ಪುಸಾರಿನ ಸೊಪ್ಪು ನಮ್ಮದೇ ಅಡುಗೆ. ಸಾರನ್ನಷ್ಟೇ ಉಂಡು ಸೊಪ್ಪು ಕಾಳನ್ನು ಬದಿಗೆ ಸರಿಸಬೇಡಿ.

ಗದ್ದೆಗೂ ಬೈಕಿನಲ್ಲಿ ಹೋಗುವ ಕಾಲ ಇದು. ದಿನಕ್ಕೆ 30 ನಿಮಿಷದಂತೆ ವಾರಕ್ಕೆ ಐದು ದಿನವಾದರೂ ಬಿರುಸಾಗಿ ನಡೆಯಿರಿ. ನಡೆದಾಗ ಸ್ನಾಯುಗಳು ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ.

ಮಾತ್ರೆಯ ವಿಷಯದಲ್ಲಿ ನಮ್ಮ ತಂದೆಯಂತೆ ಮಾಡಬೇಡಿ. ರಿಪೋರ್ಟ್ ಚೆನ್ನಾಗಿ ಬಂದಿರುವುದು ಮಾತ್ರೆ ತೆಗೆದುಕೊಂಡಿದ್ದರಿಂದ. ವೈದ್ಯರನ್ನು ಕೇಳದೆ ನಿಲ್ಲಿಸಬಾರದು, ಉಪವಾಸವನ್ನೂ ಮಾಡಬಾರದು. ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ 70ಕ್ಕಿಂತ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ತಲೆ ಸುತ್ತು ಕಂಡರೆ ಮೂರು ಚಿಕ್ಕ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿ. 15 ನಿಮಿಷದ ನಂತರ ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಸಾಗಿಸಿ. ವರ್ಷಕ್ಕೊಮ್ಮೆ ಕಣ್ಣು, ಮೂತ್ರಪಿಂಡ, ಪಾದಗಳ ಪರೀಕ್ಷೆ ಆಗಲೇಬೇಕು.

ವಿದ್ಯಾರ್ಥಿಗಳೇ, ಇದು ಬರೀ ದೊಡ್ಡವರ ಕಾಯಿಲೆಯಲ್ಲ. ಮಕ್ಕಳಿಗೂ ಬರುವ ಒಂದು ಬಗೆಯಲ್ಲಿ ದೇಹದಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗುತ್ತದೆ. ಹೆಚ್ಚು ಸಿಹಿ ತಿಂದದ್ದರಿಂದ ಅದು ಬರುವುದಲ್ಲ. ಒಂದೇ ಸಮನೆ ಬಾಯಾರಿಕೆ, ಪದೇ ಪದೇ ಮೂತ್ರ, ಇದ್ದಕ್ಕಿದ್ದಂತೆ ಮೈ ಇಳಿಯುವುದು ಅದರ ಲಕ್ಷಣಗಳು. ಇನ್ಸುಲಿನ್ ದೊರೆಯುವ ಮೊದಲು ಅಂಥ ಮಕ್ಕಳು ಬದುಕುತ್ತಿರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ಲಿಯೊನಾರ್ಡ್ ಥಾಂಪ್ಸನ್‌ಗೆ ಹೆಚ್ಚುಕಡಿಮೆ ನಿಮ್ಮದೇ ವಯಸ್ಸು. ನಾವು ಮಕ್ಕಳ ದಿನಾಚರಣೆ ಮಾಡುವ ನವೆಂಬರ್ 14 ಬ್ಯಾಂಟಿಂಗ್ ಹುಟ್ಟಿದ ದಿನ. ಅದೇ ವಿಶ್ವ ಮಧುಮೇಹ ದಿನ. ನಿಮ್ಮ ತರಗತಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಗೆಳೆಯರಿದ್ದರೆ ಆಡಿಕೊಳ್ಳಬೇಡಿ. ಅವರಿಗೆ ನಡುಕ ಬಂದಾಗ ಏನು ಮಾಡಬೇಕೆಂದು ಈಗ ನಿಮಗೆ ಗೊತ್ತಿದೆ.

ಕೊನೆಯದಾಗಿ ಒಂದು ಬೇಡಿಕೆ. ಈ ಶಾಲೆ ನಮಗೆ ಹಿರಿಯರ ಕಾಲಿಗೆ ನಮಸ್ಕರಿಸಲು ಕಲಿಸಿತು. ನಾವು ಪಾದದ ಮೇಲ್ಭಾಗ ಮುಟ್ಟಿ ಎದ್ದುಬಿಡುತ್ತೇವೆ. ಶುಗರ್ ಇರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿ ಮನೆಯಲ್ಲಿದ್ದರೆ ಇಂದು ರಾತ್ರಿ ದೀಪದ ಬೆಳಕಿನಲ್ಲಿ ಅವರ ಅಂಗಾಲನ್ನೂ ಬೆರಳ ಸಂದುಗಳನ್ನೂ ನೋಡಿ. ಬಿರುಕು, ಗುಳ್ಳೆ, ಗಾಯ, ಕಪ್ಪು ಕಲೆ ಕಂಡರೆ ನೋವಿದೆಯೇ ಎಂದು ಕೇಳುತ್ತಾ ಕೂರದೆ ಮರುದಿನವೇ ವೈದ್ಯರಿಗೆ ತೋರಿಸಿ. ಮನೆಯೊಳಗೂ ಹೊರಗೂ ಚಪ್ಪಲಿ ಹಾಕಿಸಿ. ನಾನು ಮಾಡದೆ ಉಳಿಸಿದ ಕೆಲಸವನ್ನು ನೀವು ಮಾಡಿದರೆ, ಈ ಶಾಲೆಯ ಅನ್ನದ ಋಣವನ್ನು ನಾನು ಸ್ವಲ್ಪವಾದರೂ ತೀರಿಸಿದಂತೆ.